ಮೊಣಕಾಲೆತ್ತರದ ಕಿಟಕಿ

ಆ ಗೋಡೆಗೆ ಎರಡು ಸಲ ಗಾರೆ ಮಾಡಿಸಿ ಎರಡು ಸಲವೂ ಸೋತವಳು ನಾನು. ಸೋಲನ್ನು ಒಪ್ಪಿಕೊಳ್ಳುವುದು ನಮ್ಮ ಎಂಜಿನಿಯರುಗಳಲ್ಲಿ ರೂಢಿಯಿಲ್ಲ. ನಮ್ಮಲ್ಲಿ ಸೋಲುವುದು ಮಣ್ಣು, ಸಿಮೆಂಟು, ಇಲ್ಲವೇ ಕಂಟ್ರಾಕ್ಟರು. ಈ ಗೋಡೆಯ ವಿಷಯದಲ್ಲಿ ಮಾತ್ರ ಯಾರ ಮೇಲೂ ಗೂಬೆ ಕೂರಿಸಲು ನನಗೆ ಮನಸ್ಸಾಗುವುದಿಲ್ಲ.

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳು ಒಂದಕ್ಕೊಂದು ತಾಗುವ ಕಡೆ, ಹದಿನಾರು ಗ್ರಾಮದಿಂದ ಬಹಳ ದೂರವಲ್ಲದ ಒಂದು ಹಳ್ಳಿ. ಹೆಸರು ಬೇಡ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಲ್ಲಿ ನಾನು ಆಗ ಆ ಕಡೆಯ ಸಹಾಯಕ ಎಂಜಿನಿಯರ್. ಚರಂಡಿ, ಅಂಗನವಾಡಿ, ನೀರಿನ ಟ್ಯಾಂಕು, ಶಾಲೆ, ಎಲ್ಲದಕ್ಕೂ ನಾನೇ ಓಡಬೇಕು. ಆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ದುರಸ್ತಿಯ ಅನುದಾನ ಬಂದಿತ್ತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಒಂದು ದೊಡ್ಡ ಕೊಠಡಿ, ಅದರ ಪಕ್ಕದಲ್ಲಿ ಚಿಕ್ಕದೊಂದು. ಮುಂಬಾಗಿಲು ಮೇಲಿನ ಬೀದಿಗೆ ತೆರೆಯುತ್ತಿತ್ತು. ಹಿಂದುಗಡೆ, ಕೆಳಗಿನ ಬೀದಿಯ ಕಡೆಗೆ, ಉದ್ದಕ್ಕೂ ಒಂದು ಜಗಲಿ. ಅದರ ನೆಲ ಕೊಠಡಿಯ ನೆಲಕ್ಕಿಂತ ಒಂದು ಮೆಟ್ಟಿಲು ತಗ್ಗು. ಜಗಲಿಯಿಂದ ಒಳಕ್ಕೆ ಬರಲು ಬಾಗಿಲಿರಲಿಲ್ಲ. ನಡುವಿನ ಗೋಡೆಯಲ್ಲಿ ಒಂದೇ ಒಂದು ಕಿಟಕಿ ಇತ್ತು. ಅದರ ಕೆಳಗಿನ ಅಂಚು ನನ್ನ ಮೊಣಕಾಲಿಗೆ ಬರುತ್ತಿತ್ತು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಮೇಲಿನ ಬೀದಿಯ ಹಿರಿಯ ಯಜಮಾನರು. ಎಪ್ಪತ್ತೈದು ದಾಟಿದವರು. ಜಾಗ ಕೊಟ್ಟು ಶಾಲೆ ಕಟ್ಟಿಸಿದ್ದು ಅವರ ತಾತ. ನಾನು ಟೇಪು ಹಿಡಿದು ಅಳೆಯುವಾಗ ಅವರು ಮುಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಈ ಕಿಟಕಿ ಯಾಕೆ ಇಷ್ಟು ಕೆಳಗಿದೆ?" ಎಂದು ಕೇಳಿದೆ.

"ಅಳೇ ಕಾಲದ್ದು ಮೇಡಂ. ಆಗ ಏನ್ ಲೆಕ್ಕಾಚಾರವೋ ಯಾರಿಗ್ ಗೊತ್ತು," ಎಂದರು, ಆ ಕಡೆ ನೋಡದೆಯೇ. "ಮುಚ್ಚಿಬುಡಿ. ಅದ್ರಿಂದ ಏನ್ ಉಪ್ಯೋಗ?"

ನನಗೂ ಅದು ಸರಿಯೆನಿಸಿತು. ನಮ್ಮ ಇಲಾಖೆಯ ಮಾದರಿ ನಕ್ಷೆಯಲ್ಲಿ ಶಾಲೆಯೆಂದರೆ ಒಂದು ಪೆಟ್ಟಿಗೆ. ಒಂದು ಬಾಗಿಲು, ಎರಡು ಕಡೆ ಕಿಟಕಿ, ಒಂದು ತುದಿಯಲ್ಲಿ ಕಪ್ಪುಹಲಗೆ. ಕೂತ ಮಗುವಿನ ಕಣ್ಣು ಹೊರಗೆ ಹೋಗಬಾರದೆಂದು ಕಿಟಕಿ ಮೇಲಿರುತ್ತದೆ. ಎಲ್ಲರೂ ಒಂದೇ ಕಡೆ ನೋಡಬೇಕು, ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು. ಇದನ್ನು ಯಾವ ಪುಣ್ಯಾತ್ಮ ಯಾವಾಗ ತೀರ್ಮಾನಿಸಿದನೋ, ನಾವು ಮಾತ್ರ ಗೆರೆ ತಪ್ಪದೆ ಎಳೆಯುತ್ತಲೇ ಬಂದಿದ್ದೇವೆ. ಆ ಲೆಕ್ಕದಲ್ಲಿ ಮೊಣಕಾಲೆತ್ತರದ ಕಿಟಕಿ ನನಗೆ ಬರೀ ತಪ್ಪಾಗಿ ಕಂಡಿತು. ಮಳೆಯ ಎರಚಲು ಬರುತ್ತದೆ, ನಾಯಿ ನುಗ್ಗುತ್ತದೆ. ಬೇಸಿಗೆ ರಜೆಯಲ್ಲಿ ಚೌಕಟ್ಟು ಕೀಳಿಸಿ, ಸಿಮೆಂಟ್ ಬ್ಲಾಕ್ ಜೋಡಿಸಿ, ಗಾರೆ ಬಳಿಸಿ, ತಿಳಿಹಳದಿ ಬಣ್ಣ ಹೊಡೆಸಿದೆ. ನಲಿ-ಕಲಿ ಮಕ್ಕಳಿಗೆ ಬೇಕೆಂದು ಗೋಡೆಗಳ ಕೆಳಭಾಗಕ್ಕೆಲ್ಲ ಕಪ್ಪು ಪಟ್ಟಿ ಬಳಿಸಿದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂತು, ಒಬ್ಬೊಬ್ಬರೂ ತಮ್ಮ ತುಂಡು ಹಲಗೆಯಲ್ಲಿ ಬರೆಯುತ್ತಾರೆ. ಕೆಲಸ ಅಚ್ಚುಕಟ್ಟಾಗಿತ್ತು, ಮೇಸ್ತ್ರಿಯನ್ನು ಹೊಗಳಿ ಕಳಿಸಿದೆ.

ಮೊದಲ ಮಳೆಗೇ ಹೆಡ್ ಮೇಡಂ ಫೋನು ಬಂತು. ಬನ್ನೂರಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹೆಂಗಸು, ಗಟ್ಟಿ ದನಿ. ಅಂದು ಮಾತ್ರ ದನಿ ತಗ್ಗಿತ್ತು. "ಒಂಚೂರು ಬಂದು ನೋಡಿ ಮೇಡಂ. ಆ ಕಿಟಕಿ ವಾಪಸ್ ಬಂದಿದೆ."

ಹೋಗಿ ನೋಡಿದರೆ ನಿಜವಾಗಿಯೂ ಬಂದಿತ್ತು. ಹಳದಿ ಬಣ್ಣ, ಕಪ್ಪು ಪಟ್ಟಿ ಎರಡರ ಮೇಲೂ, ಮುಚ್ಚಿದ ಕಿಟಕಿಯ ನಾಲ್ಕೂ ಅಂಚು ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದರ ಉದ್ದಕ್ಕೂ ತೇವ ಇಳಿದು, ಸ್ಕೇಲು ಹಿಡಿದು ಗೆರೆ ಎಳೆದ ಹಾಗೆ ಒಂದು ಚೌಕ ಎದ್ದು ಕಾಣುತ್ತಿತ್ತು. ಹೆದರುವಂಥದ್ದೇನೂ ಅಲ್ಲ. ಮಣ್ಣಿನ ಗಾರೆಯ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟ್ ಬ್ಲಾಕ್ ಇಟ್ಟ ಕಡೆ ಇಟ್ಟ ಹಾಗೇ ಇರುತ್ತದೆ. ಎರಡರ ಸಂದಿ ಬಾಯಿ ಬಿಡಲೇಬೇಕು. ಹೀಗೆಲ್ಲ ಮೇಡಂಗೆ ವಿವರಿಸಿದೆ.

"ಮಕ್ಕಳು ಬೇರೆ ಹೇಳ್ತಿದಾರೆ," ಎಂದರು ಆಕೆ. "ಗೋಡೆ ಮಗ್ಗಿ ಹೇಳುತ್ತಂತೆ."

ನಾನು ನಕ್ಕೆ. ಆಕೆ ನಗಲಿಲ್ಲ. ಮಕ್ಕಳಿಗೆ ಎರಡರ ಮಗ್ಗಿ ಹೇಳಲು ಹೇಳಿದರು. ಕೊಠಡಿ ತುಂಬ ದನಿ ಎದ್ದಿತು. ಪ್ರತಿ ಸಾಲು ನಿಂತಾಗಲೂ, ಒಂದು ಕ್ಷಣ ತಡೆದು, ಜಗಲಿಯ ಕಡೆಯಿಂದ ಆ ಸಾಲಿನ ಕೊನೆಯ ಚೂರು ಸಣ್ಣಗೆ ಮರಳಿ ಬಂತು. ಹೊರಗೆ ಹೋಗಿ ನೋಡಿದೆ. ಜಗಲಿಯೆದುರಿನ ಮೈದಾನದಾಚೆ ರೈಸ್ ಮಿಲ್ಲಿನ ಎತ್ತರದ ಬೋಳು ಗೋಡೆ ಇದೆ. ಹೆಂಚಿನ ಸಂದಿಯಿಂದ ಹೊರಟ ದನಿ ಅದಕ್ಕೆ ತಾಗಿ ಬರುತ್ತಿತ್ತು, ಅಷ್ಟೆ. ಕಾರಣ ತಿಳಿದ ಮೇಲೂ ಒಳಗೆ ಬಂದು ನಿಂತು ಕೇಳಿದಾಗ, ಜಗಲಿಯಲ್ಲಿ ಯಾರೋ ಸಾಲಾಗಿ ಕೂತು, ನಮ್ಮ ಸರದಿ ಮುಗಿಯಲೆಂದು ಕಾದು, ಆಮೇಲೆ ಹೇಳುತ್ತಿದ್ದಾರೆ ಎನ್ನುವ ಹಾಗಿತ್ತು.

ಬಿರುಕಿನ ಮೇಲೆ ಅಡ್ಡಡ್ಡವಾಗಿ ಗಾಜಿನ ತೆಳು ಪಟ್ಟಿಗಳನ್ನು ಅಂಟಿಸಿ ಬಂದೆ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಸೀಳುತ್ತದೆ. ಒಂದೊಂದಾಗಿ ಎಲ್ಲ ಸೀಳಿದವು. ನನಗೆ ಹಟ ಬಂತು. ದಸರಾ ರಜೆಯಲ್ಲಿ ಆ ಭಾಗವನ್ನು ಪೂರ್ತಿ ಕೀಳಿಸಿ, ಈ ಸಲ ಹಳೆಯ ಇಟ್ಟಿಗೆಯನ್ನೇ ಹುಡುಕಿ ತರಿಸಿ, ಅಕ್ಕಪಕ್ಕದ ಗೋಡೆಯಲ್ಲಿ ಹಲ್ಲಿನಂತೆ ಸಂದು ಬಿಡಿಸಿ ಆ ಇಟ್ಟಿಗೆಗಳನ್ನು ಅದರೊಳಕ್ಕೆ ಕಚ್ಚಿಸಿ ಕಟ್ಟಿಸಿದೆ. ಮೇಲೆ ತಂತಿ ಜಾಲರಿ ಬಡಿಸಿ ಸುಣ್ಣದ ಗಾರೆ ಬಳಿಸಿದೆ. ಪಾಠಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ದೀಪಾವಳಿ ಕಳೆದು ಹಿಂಗಾರು ಹಿಡಿದುಕೊಂಡಿತು. ಮೊದಲು ಎಡಗಡೆಯ ಮೂಲೆ ಕಾಣಿಸಿಕೊಂಡಿತು, ಆಮೇಲೆ ಕೆಳಗಿನ ಅಂಚು. ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. "ಈ ಗ್ವಾಡೆ ಒಪ್ಕತಿಲ್ಲ ಕಣ್ ಮೇಡಮ್ಮೋರೆ," ಎಂದ. ನನಗೆ ಸಿಟ್ಟು ಬಂದು, "ಗೋಡೆ ಒಪ್ಪೋಕೆ ಅದೇನು ಹೆಣ್ಣು ನೋಡೋ ಶಾಸ್ತ್ರವಾ?" ಎಂದು ರೇಗಿದೆ.

ಅಂದು ಸಿಟ್ಟಿನಲ್ಲೇ ಗೋಡೆಯನ್ನು ದಿಟ್ಟಿಸುತ್ತ ಕೂತಿದ್ದಾಗ ನಾನು ಗೋಡೆಯ ಬುಡದಲ್ಲಿದ್ದ ಮಕ್ಕಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ನಲಿ-ಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಆದರೆ ಪ್ರತಿ ಗುಂಪಿನಲ್ಲೂ ಕೆಲವರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು, ಆ ಚೌಕದ ಆಸುಪಾಸಿನಲ್ಲೇ. ಅಲ್ಲಿಂದ ದೊಡ್ಡ ಹಲಗೆ ಓರೆಯಾಗಿ ಕಾಣುತ್ತದೆ, ಮುಂಬಾಗಿಲ ಬೆಳಕು ಬಿದ್ದು ಮಿಂಚುತ್ತದೆ. ನಾನು ಕಿಟಕಿ ಮುಚ್ಚಿಸಿದ ಮೇಲೆ ಆ ಜಾಗ ಕತ್ತಲೆಯೂ ಆಗಿತ್ತು. ಮೂರನೆಯ ತರಗತಿಯ ಒಂದು ಹುಡುಗಿ ಹಲಗೆಯನ್ನು ನೋಡುವುದನ್ನೇ ಬಿಟ್ಟು, ಪಕ್ಕದವಳ ತುಟಿ ನೋಡಿಕೊಂಡು ಓದುತ್ತಿದ್ದಳು.

"ಇವರೆಲ್ಲ ಕೆಳಗಿನ ಬೀದಿಯ ಮಕ್ಕಳಾ?" ಎಂದು ಕೇಳಿದೆ.

ಮೇಡಂ ತಲೆಯಾಡಿಸಿದರು. "ಯಾರೂ ಹೇಳಿ ಕೂರಿಸಿದ್ದಲ್ಲ. ನಾನು ಜಾಗ ಬದಲಾಯಿಸಿ ಬದಲಾಯಿಸಿ ಸಾಕಾಗಿದೀನಿ. ಊಟ ಮುಗಿಸಿ ಬರೋ ಹೊತ್ತಿಗೆ ತಿರುಗಾ ಅಲ್ಲೇ ಇರ್ತಾರೆ. ಅವರಪ್ಪ ಅಮ್ಮಂದ್ರೂ ಅಲ್ಲೇ ಕೂತು ಓದಿದ್ದಂತೆ. ಆ ಹುಡುಗಿಗೆ ಕಿವಿ ಚುರುಕು. ಓದೋದು ಮಾತ್ರ ಹತ್ತುತ್ತಿಲ್ಲ. ಮುಂದಿನ ವರ್ಷ ನಾಲ್ಕಕ್ಕೆ ಹೋದರೆ ಇವಳನ್ನ ಹಿಡಿಯೋರು ಯಾರು?"

ಆ ಹುಡುಗಿಯ ಮುತ್ತಜ್ಜಿ ಅಂದು ಸಂಜೆ ಮಗುವನ್ನು ಕರೆದೊಯ್ಯಲು ಬಂದಿದ್ದಳು. ಎಂಬತ್ತೈದರ ಮೇಲಿನ ವಯಸ್ಸು, ನೆಟ್ಟನೆಯ ಬೆನ್ನು. ಮದುವೆಯಾಗಿ ಬದನವಾಳಿಗೆ ಹೋಗಿ, ಅಲ್ಲಿ ಬಹುಕಾಲ ಖಾದಿ ನೂಲು ತೆಗೆದು, ಗಂಡ ತೀರಿದ ಮೇಲೆ ತವರಿಗೆ ಮರಳಿದವಳು ಎಂದು ಮೇಡಂ ಹೇಳಿದರು. ಜಗಲಿಯ ಅಂಚಿನಲ್ಲಿ ಕೂತು, ಗೋಡೆಯ ಹೊರಮೈಯಲ್ಲಿ ಮೂಡಿದ್ದ ಅದೇ ಚೌಕವನ್ನು ನೋಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನೀನೇ ಏನವ್ವ ಮುಚ್ಚಿಸ್ದೋಳು?" ಎಂದಳು.

"ಹೌದಜ್ಜಿ. ನಿಲ್ತಾ ಇಲ್ಲ."

"ಎಂಗ್ ನಿಂತದು? ನಾವೆಲ್ಲ ಇಲ್ಲೇ ಅಲ್ವಾ ಕುಂತಿದ್ದು." ಕೈಯಿಂದ ಜಗಲಿಯ ನೆಲ ಸವರಿದಳು. "ಮೊದ್ಲು ನಮ್ಮೋರು ಬರೀ ಗ್ವಾಡೆ ನೋಡ್ಕೊಂಡು ಕುಂತ್ಕತಿದ್ರಂತೆ. ನನ್ ಕಾಲಕ್ಕೆ ಒಬ್ಬ ಮೇಷ್ಟ್ರು ಬಂದ. ಒಳ್ಳೇ ಮನ್ಸ ಕಣವ್ವ. ಊರೋರ ಕಾಲ್ ಕಟ್ಟಿ ಈ ಕಿಟ್ಕಿ ಕೊಯ್ಸ್ದ, ನಮ್ಗೂ ಬೋಡು ಕಾಣ್ಲಿ ಅಂತ. ಅರ್ಧ ಕಾಣ್ತಿತ್ತು. ಲೆಕ್ಕದ ಉತ್ರ ಇರೋ ಕಡೆ ಕಾಣೋದು, ಲೆಕ್ಕ ಏನು ಅನ್ನೋದ್ನ ಕಿವೀಲಿ ಕೇಳ್ಕಬೇಕು."

"ಮಗ್ಗಿ ಹೇಳಿಸ್ತಿದ್ರಾ?"

"ಏಳಿಸ್ತಿದ್ರು. ಒಳಗಿನ ಮಕ್ಳು ಏಳಿ ನಿಲ್ಲಿಸ್ಬೇಕು, ಆಮೇಕೆ ನಾವು. ಜತೇಲಿ ಏಳಂಗಿಲ್ಲ."

ಮೈದಾನದಾಚೆ ಮಿಲ್ಲಿನ ಗೋಡೆ ಸಂಜೆಯ ಬಿಸಿಲಿಗೆ ಸುಮ್ಮನೆ ನಿಂತಿತ್ತು. ಅವಳ ಕಾಲದಲ್ಲಿ ಆ ಮಿಲ್ಲು ಇರಲಿಲ್ಲ.

"ನಮ್ ಮಕ್ಳ ಕಾಲಕ್ಕೆ ಒಳೀಕ್ ಬಿಟ್ರು," ಎಂದಳು. "ಒಳೀಕ್ ಓದೋರು ಎಲ್ ಕುಂತ್ಕತರೆ? ಗ್ವಾಡೆ ಈಚ್ಲಿಂದ ಗ್ವಾಡೆ ಆಚ್ಗೆ ಓಗಿ ಕುಂತ್ಕಂಡ್ರು. ಈಗ ನನ್ ಮಗೀನ ಬೆನ್ನೂ ಅದ್ಕೇ ಅಂಟ್ಕಂಡೈತೆ. ನೀ ಗಾರೆ ಬಳ್ದು ಏನ್ ಮಾಡೀಯೇ? ಆ ಗ್ವಾಡೇನೇ ಇರ್ಬಾರ್ದು ಕಣವ್ವ."

ನರಸೀಪುರದವರೆಗೂ ಸ್ಕೂಟರಿನಲ್ಲಿ ಅದೇ ಮಾತು ತಲೆ ತಿನ್ನುತ್ತಿತ್ತು. ಅದು ಹೆಂಚಿನ ಮಾಡು ಹೊತ್ತ ಗೋಡೆ. ತೆಗೆಯುವುದು ಹುಡುಗಾಟವಲ್ಲ. ಮನೆ ತಲುಪುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಗೋಡೆಯನ್ನು ನೆಲದವರೆಗೂ ಒಡೆದು ಅಗಲವಾದ ದಾರಿ ಬಿಡುವುದು, ಜಗಲಿಯ ನೆಲವನ್ನು ಕೊಠಡಿಯ ಮಟ್ಟಕ್ಕೆ ಎತ್ತುವುದು, ಎರಡನ್ನೂ ಕೂಡಿಸಿ ಒಂದೇ ಕೋಣೆ ಮಾಡುವುದು. ಕೆಳಗಿನ ಬೀದಿಯ ಮಕ್ಕಳು ಸುತ್ತಿ ಬರದೆ ನೇರವಾಗಿ ಒಳಗೆ ಬರಲಿ.

ಮೇಲಧಿಕಾರಿಗಳು, "ಒಂದು ಬಿರುಕಿಗೆ ಯಾರಾದರೂ ಗೋಡೆ ಒಡೀತಾರೇನ್ರೀ?" ಎಂದು ಗದರಿದರು. ಸೀಳಿದ ಗಾಜಿನ ಪಟ್ಟಿಗಳನ್ನು ಮೇಜಿನ ಮೇಲಿಟ್ಟು, ಗೋಡೆ ಇನ್ನೂ ಅಲುಗುತ್ತಿದೆ, ತೊಲೆ ಕೊಟ್ಟು ಭಾರ ಇಳಿಸಿಕೊಳ್ಳುವುದೇ ಕ್ಷೇಮ ಎಂದೆ. ಅದು ಸುಳ್ಳಲ್ಲ. ಜಗಲಿಯಲ್ಲಿ ಕೇಳಿದ್ದನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಕೆಲಸ ಖಂಡಿತ ನಿಲ್ಲುತ್ತಿತ್ತು. ಹಾಗೂ ಹೀಗೂ ಮಂಜೂರಾತಿ ಬಂತು.

ಯಜಮಾನರು ಸುಲಭಕ್ಕೆ ಬಗ್ಗಲಿಲ್ಲ. "ನಮ್ ತಾತ ಕಟ್ಸಿದ್ ಗ್ವಾಡೆ ಮೇಡಂ ಅದು. ನಾನ್ ಇರೋಗಂಟ ಒಂದ್ ಇಟ್ಗೆ ಅಲ್ಲಾಡ್ಸಕ್ ಬಿಡಾಕಿಲ್ಲ."

"ಆ ಕಿಟಕಿ ಯಾಕೆ ಕೊಯ್ಸಿದ್ರು ಅಂತ ನಿಮಗೆ ಗೊತ್ತಿತ್ತು, ಅಲ್ವಾ ಯಜಮಾನ್ರೆ?"

ಅವರು ಕೈಯಲ್ಲಿದ್ದ ಟವೆಲನ್ನು ಮಡಿಸಿದರು, ಬಿಚ್ಚಿದರು. "ನಾನೂ ಒಳ್ಗೆ ಕುಂತಿದ್ದೋನೇ," ಎಂದರು ಕೊನೆಗೆ. "ಸಣ್ ಮಗ. ಕಿಟ್ಕಿ ಕಡೆ ತಿರುಗುದ್ರೆ ಆಮೇಕೆ ಬಂದ ಮೇಷ್ಟ್ರ ಏಟು ಬೀಳೋದು. ನಾವ್ ಏಳಿ ನಿಲ್ಸುದ್ಮೇಲೆ ಬೆನ್ನಿಂದೆ ಅವ್ರ ದನಿ ಬರೋದು. ಮೊಕ ಕಾಣ್ತಿರ್ಲಿಲ್ಲ, ದನಿ ಅಷ್ಟೇಯ. ಈಗ ನಿಮ್ ಮಕ್ಳು ಗ್ವಾಡೆ ಮಗ್ಗಿ ಏಳ್ತದೆ ಅಂದಾಗ್ಲಿಂದ ನಾನ್ ಆ ಕಡೀಕೇ ಓಗಿಲ್ಲ." ಎದ್ದು ನಿಂತರು. "ಏನಾರ ಮಾಡ್ಕಳಿ. ನಾನು ನೋಡಕ್ ಬರಾಕಿಲ್ಲ."

ಬೇಸಿಗೆ ರಜೆ ಬರುತ್ತಲೇ ಕೆಲಸ ಹಿಡಿದೆವು. ಮೊದಲು ಗೋಡೆಯ ಮೇಲುಭಾಗದಲ್ಲಿ ತೂತು ಕೊರೆದು, ಅಡ್ಡಡ್ಡಕ್ಕೆ ಕಬ್ಬಿಣದ ತೊಲೆ ತೂರಿಸಿ, ಎರಡೂ ಬದಿ ಜಾಕಿ ನಿಲ್ಲಿಸಿ ಭಾರ ಹಿಡಿಯಬೇಕು. ಆಮೇಲೆ ಕೆಳಗಿನ ಇಟ್ಟಿಗೆ ಬಿಚ್ಚಿ ಕಾಂಕ್ರೀಟ್ ತೊಲೆ ಹಾಕಬೇಕು. ಎರಡನೆಯ ತೂತು ಕೊರೆಯುವಾಗ ಒಳಗಿನ ಮಣ್ಣು ಮರಳಿನಂತೆ ಸುರಿಯತೊಡಗಿತು. ಗೋಡೆಯೊಳಗೆ ಸತ್ವವೇ ಉಳಿದಿರಲಿಲ್ಲ. ಮೇಲಿನ ಭಾಗ ಹೆಬ್ಬೆರಳಿನಷ್ಟು ಕುಸಿಯಿತು, ಹೆಂಚುಗಳು ಜಾರಿ ಬಿದ್ದು ಒಡೆದವು, ಮೇಲಿನಿಂದ ನರಳಿದಂಥ ಸದ್ದು ಬಂತು. ಆಳುಗಳು ಹಾರೆ ಎಸೆದು ಹೊರಗೆ ಓಡಿದರು. ನಾನೂ ಓಡಿದೆ, ಅದರಲ್ಲೇನೂ ಮುಚ್ಚುಮರೆಯಿಲ್ಲ.

"ಇದ್ರ ತಂಟೆ ಬ್ಯಾಡ ಮೇಡಮ್ಮೋರೆ," ಎಂದ ಮೇಸ್ತ್ರಿ. "ಇದ್ರಾಗೆ ಏನೋ ಅದೆ. ತೂತ ಮುಚ್ಬುಟ್ಟು ಓಗುವಾ."

ಮುಚ್ಚಿದರೆ ಜೂನಿಗೆ ಆ ಹುಡುಗಿ ಮತ್ತೆ ಅದರ ಬುಡದಲ್ಲೇ ಕೂತಿರುತ್ತಾಳೆ. ಮೂರನೆಯ ಸಲವೂ ಅದೇ ಚೌಕ ನೋಡುವ ಧೈರ್ಯ ನನಗಿರಲಿಲ್ಲ. ಜಗಲಿಯ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಇಂಥ ಪೊಳ್ಳು ಗೋಡೆಯ ಮೇಲೆ ಹೊಸ ತೊಲೆಯನ್ನು ಕೂರಿಸುವುದೇ ತಪ್ಪು. ದಾರಿಯಷ್ಟೇ ಒಡೆದು ಪಕ್ಕದ ಗೋಡೆ ಉಳಿಸಿಕೊಳ್ಳುವ ಯೋಚನೆಯನ್ನೇ ಕೈಬಿಡಬೇಕು. ಎರಡು ತುದಿಯಲ್ಲಿ ತಳಪಾಯ ತೆಗೆದು ಕಾಂಕ್ರೀಟ್ ಕಂಬ ಎಬ್ಬಿಸಿ, ಕಂಬದಿಂದ ಕಂಬಕ್ಕೆ ತೊಲೆ ಕೊಟ್ಟು, ನಡುವಿನ ಗೋಡೆಯನ್ನು ಪೂರ್ತಿ ತೆಗೆಯಬೇಕು. ಮೊದಲು ಆ ಭಾಗದ ಹೆಂಚೆಲ್ಲ ಇಳಿಸಿ ಭಾರ ಕಡಿಮೆ ಮಾಡಬೇಕು. ಮಳೆ ಬರುವುದರೊಳಗೆ ಮುಗಿಯುತ್ತದೆಯೆಂದು ಯಾರೂ ನಂಬಲಿಲ್ಲ. ನಾನು ಹೆಲ್ಮೆಟ್ ಹಾಕಿಕೊಂಡು ಜಾಕಿಗಳ ನಡುವೆ ಹೋಗಿ ನಿಂತ ಮೇಲೆ ಮೇಸ್ತ್ರಿ ಗೊಣಗುತ್ತ ಒಳಗೆ ಬಂದ. ಅವನ ಹಿಂದೆ ಆಳುಗಳು ಬಂದರು.

ಕಂಬದ ಕಾಂಕ್ರೀಟು ಗಟ್ಟಿಯಾಗುವವರೆಗೆ ಗೋಣಿ ಸುತ್ತಿ ನೀರುಣಿಸುತ್ತ ಕಾದೆವು. ತೊಲೆಗೂ ಹಾಗೇ. ಜಾಕಿ ಸಡಿಲಿಸಿದ ದಿನ ಎಲ್ಲರೂ ತಲೆಯೆತ್ತಿ ನೋಡುತ್ತ ನಿಂತಿದ್ದೆವು, ತೊಲೆ ಮಿಸುಕಲಿಲ್ಲ. ಇಟ್ಟಿಗೆಗಳನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸಿದೆವು. ಜಗಲಿಯ ನೆಲ ಎತ್ತಿಸಿ ಕೊಠಡಿಯ ಸಮಕ್ಕೆ ತಂದೆ. ಅದರ ಹೊರ ಅಂಚಿಗೆ ಗ್ರಿಲ್ಲು, ಕೆಳಗಿನ ಬೀದಿಯ ಕಡೆಗೆ ಮೆಟ್ಟಿಲು. ದೊಡ್ಡ ಹಲಗೆಯನ್ನು ಎದುರಿನ ಉದ್ದ ಗೋಡೆಗೆ ಸಾಗಿಸಿದೆ, ಎಲ್ಲಿ ಕೂತರೂ ನೇರವಾಗಿ ಕಾಣಲಿ ಎಂದು.

ಶಾಲೆ ಮತ್ತೆ ಶುರುವಾಗುವ ದಿನ ತೋರಣ ಕಟ್ಟಿ ಪ್ರಾರಂಭೋತ್ಸವ ಇಟ್ಟುಕೊಂಡರು. ಮೇಡಂ ಮಕ್ಕಳನ್ನು ಒಳಗೆ ಬಿಟ್ಟು, "ಎಲ್ಲಾದರೂ ಕೂತ್ಕೊಳ್ರಪ್ಪ," ಎಂದರು. ಒರಗಲು ಗೋಡೆಯೇ ಇಲ್ಲದೆ ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಕೆಳಗಿನ ಬೀದಿಯವರು ಒಂದು ಗಳಿಗೆ ಗುಂಪಾಗಿ ನಿಂತರು. ಅಷ್ಟರಲ್ಲಿ ಯಾರೋ ಯಾರನ್ನೋ ತಳ್ಳಿ, ನಗು ಎದ್ದು, ಎಲ್ಲರೂ ಅಲ್ಲಲ್ಲಿ ಚೆಲ್ಲಿಕೊಂಡು ಕೂತರು. ಆ ಹುಡುಗಿ ಹಲಗೆಯ ಹತ್ತಿರ ಯಾರದೋ ಜಡೆ ಎಳೆಯುತ್ತಿದ್ದಳು. ನನ್ನ ಎದೆ ಉಬ್ಬಿತು.

ಹೊಸ ದಾರಿಯಲ್ಲಿ ಮೊದಲು ಒಳಗೆ ಬರುವವಳು ಅಜ್ಜಿಯೇ ಆಗಬೇಕೆಂದು ನಾನೂ ಮೇಡಮ್ಮೂ ಮಾತಾಡಿಕೊಂಡಿದ್ದೆವು. ಅವಳು ಕೆಳಗಿನ ಬೀದಿಯಿಂದ ಒಗೆದ ಬಿಳಿ ಸೀರೆಯುಟ್ಟು ಬಂದಳು. ನಾನು ಮೆಟ್ಟಿಲಿಳಿದು ಕೈ ಚಾಚಿದೆ.

"ಬನ್ನಿ ಅಜ್ಜಿ. ನೋಡಿ, ಗೋಡೆ ಇಲ್ಲ. ಹೀಗೇ ನೇರ ಬನ್ನಿ."

ಅವಳು ಮೆಟ್ಟಿಲು ನೋಡಿದಳು, ಹೊಸ ಕಂಬ ನೋಡಿದಳು, ತಲೆಯೆತ್ತಿ ತೊಲೆಯನ್ನೂ ನೋಡಿದಳು. "ಚೆಂದಾಗ್ ಮಾಡಿದ್ದೀಯವ್ವ. ಮಕ್ಳು ಬರ್ಲಿ ಇಂಗೆ," ಎಂದಳು. "ನಾನ್ ಬರಾಕಿಲ್ಲ. ಕಿಟ್ಕಿ ಇದ್ ಜಾಗ್ದಾಗೆ ನಾನು ಒಳೀಕ್ ಬರಾಕಿಲ್ಲ. ಬಾಗ್ಲಿಗ್ ಓಯ್ತೀನಿ. ಆ ಬಾಗ್ಲಾಗೆ ಒಂದ್ ದಿನಾನೂ ಓಗಿಲ್ಲ ನಾನು."

ಅಷ್ಟು ಹೇಳಿ ಅವಳು ತಿರುಗಿದಳು. ಓಣಿಯಲ್ಲಿ, ಮೂಲೆ ತಿರುಗಿ, ಮೇಲಿನ ಬೀದಿಗೆ, ಒಂದೊಂದೇ ಹೆಜ್ಜೆ. ಜತೆಗೆ ಹೋಗಲು ನಾನು ಮುಂದಾದರೆ ಬೇಡವೆಂದು ಕೈ ಆಡಿಸಿದಳು. ನಾನು ಕಂಬಗಳ ನಡುವೆ ನಿಂತು ಕೊಠಡಿಯಾಚೆಯ ಮುಂಬಾಗಿಲನ್ನೇ ನೋಡುತ್ತಿದ್ದೆ. ಅಲ್ಲಿ ಯಜಮಾನರು ನಿಂತಿದ್ದರು. ಬರುವುದಿಲ್ಲ ಎಂದವರು ಬಂದಿದ್ದರು. ಅವಳು ಬಂದದ್ದನ್ನು ಕಂಡು ಹೊಸಿಲಿನಿಂದ ಸರಿದು, ಮೆಟ್ಟಿಲನ್ನೂ ಇಳಿದು, ಬೀದಿಯ ಮಣ್ಣಿನಲ್ಲಿ ನಿಂತರು.

ಅವಳು ಮೆಟ್ಟಿಲು ಹತ್ತಿ ಹೊಸಿಲ ಆಚೆಗೇ ನಿಂತಳು. ಸೆರಗು ಸರಿಮಾಡಿಕೊಂಡಳು. ಎರಡೂ ಕೈ ಮಡಚಿ ಎದೆಗಿಟ್ಟುಕೊಂಡು, ತಡವಾಗಿ ಬಂದ ಮಕ್ಕಳು ಅಪ್ಪಣೆ ಕೇಳುವ ಹಾಗೆ, ಗಟ್ಟಿಯಾಗಿ ಕೇಳಿದಳು: "ಮೇಡಂ, ಒಳೀಕ್ ಬರ್ಲಾ?"

ಮೇಡಂ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹಲಗೆಯ ಹತ್ತಿರದಿಂದ ಆ ಹುಡುಗಿಯೇ ಬೇಸರದ ದನಿಯಲ್ಲಿ ಕೂಗಿದಳು: "ಬಾ ಅಜ್ಜೀ, ಯಾಕ್ ಅಲ್ಲೇ ನಿಂತ್ಕಂಡೆ?"

ಅಜ್ಜಿ ಬಲಗಾಲು ಎತ್ತಿ ಒಳಗಿಟ್ಟಳು. ಮಕ್ಕಳೆಲ್ಲ ಆ ಕಡೆ ತಿರುಗಿ ಎದ್ದು ನಿಂತರು. ನಾನು ಅಷ್ಟು ಕಷ್ಟಪಟ್ಟು ತೆರೆಸಿದ ದಾರಿಯಲ್ಲಿ ನಾನೊಬ್ಬಳೇ ನಿಂತಿದ್ದೆ.